ಎಡಚ ಅಳಿಯನ ಉಡುಗೊರೆ

"ಎಲ್ಲಾದ್ರಲ್ಲೂ ಒಂದೊಂದಿಂಚು ಕತ್ತರಿಸು," ಎನ್ನುತ್ತ ವಕೀಲ ದೊಡ್ಡ ಮಳಿಗೆಯ ಚೀಲದಿಂದ ಹದಿನಾಲ್ಕು ಹೊಸ ಗಾಲ್ಫ್ ಸ್ಟಿಕ್‌ಗಳನ್ನು ಗಾಲ್ಫ್ ಸಾಮಾನಿನ ಪುಟ್ಟ ಅಂಗಡಿಯಾಕೆಯ ಮೇಜಿನ ಮೇಲೆ ಸುರಿದ. "ಅಳಿಯನಿಗೆ ಉಡುಗೊರೆ. ಅವನ ಎತ್ತರಕ್ಕೆ ಇವು ಉದ್ದ ಜಾಸ್ತಿ. ನಿನ್ನ ಗೂಡಂಗಡಿಯಲ್ಲಿ ತಗೊಂಡ್ರೆ ಬೀಗರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?"

ಅಂಗಡಿಯಾಕೆ ಒಂದನ್ನು ಎತ್ತಿ ನೋಡಿದಳು. ಹೋದ ವಾರ ಸ್ಟಿಕ್ ವಿಚಾರಿಸಲು ಬಂದಿದ್ದ ಇದೇ ಅಳಿಯನನ್ನು ನಿಲ್ಲಿಸಿಕೊಂಡು ಒಂದು ಗಂಟೆ ಅಳತೆ ತೆಗೆದವಳು ಅವಳು. ಅವನು ಎಡಚ. ಇವೆಲ್ಲ ಬಲಗೈಯಲ್ಲಿ ಆಡುವವರ ಸ್ಟಿಕ್‌ಗಳು; ಅವನ ಆಟಕ್ಕೆ ಒಂದೂ ಬಾರದು.

"ಸಾರ್, ಕತ್ತರಿಸಿದ್ಮೇಲೆ ಆ ಮಳಿಗೆಯವರು ವಾಪಸ್ ತಗೊಳ್ಳಲ್ಲ. ಒಂದ್ಸಲ ಅಳಿಯಂದಿರಿಗೆ ತೋರಿಸಿ..."

"ನಿನ್ನ ಹೊಟ್ಟೆಕಿಚ್ಚು ನಂಗೊತ್ತಿಲ್ವಾ? ಬಾಯಿ ಮುಚ್ಕೊಂಡು ಕತ್ತರಿಸು."

ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡು ಮೊದಲ ಸ್ಟಿಕ್ಕನ್ನು ಮೇಜಿಗೆ ಜೋಡಿಸಿದ ಇಕ್ಕಳಕ್ಕೆ ಬಿಗಿದು, ಗರಗಸ ಇಟ್ಟಳು.