ಮೂವತ್ತಾರು ಕಡ್ಡಿಗಳ ದನಿ

ಮುಂದಿನ ಚಕ್ರ ಏಳನೆಯ ಸಲವೂ ಓಲಾಡಿತು. ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ನರಸಿಂಹರಾಜು ಟೈರಿಲ್ಲದ ರಿಮ್ಮನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. ಸುತ್ತಿಗೊಮ್ಮೆ ಅದು ಎಡಗಡೆಯ ಬ್ರೇಕ್ ರಬ್ಬರನ್ನು ಸವರಿಕೊಂಡೇ ಹೋಗುತ್ತಿತ್ತು.

ಮಿಡಿಗೇಶಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಈ ಮೇಷ್ಟ್ರಿಗೆ ಸೈಕಲ್ ಕಟ್ಟುವುದೊಂದು ಹುಚ್ಚು. ಸಿರಾದ ಗುಜರಿಯಲ್ಲಿ ಸಿಕ್ಕ ಹಳೇ ಫ್ರೇಮನ್ನು ಮಗಳು ಅನುಷಾಳ ಎತ್ತರಕ್ಕೆ ಕತ್ತರಿಸಿ ಬೆಸುಗೆ ಹಾಕಿಸಿ, ಕೊರಟಗೆರೆಯಿಂದ ಹ್ಯಾಂಡಲ್ಲು, ಪಾವಗಡದ ಮುಚ್ಚಿಹೋದ ಅಂಗಡಿಯೊಂದರಿಂದ ಚರ್ಮದ ಸೀಟು ತಂದು, ನಾಲ್ಕು ತಿಂಗಳ ರಜೆಗಳನ್ನೆಲ್ಲ ಅದಕ್ಕೇ ಸುರಿದಿದ್ದ. ನಾಳೆ ಬೆಳಿಗ್ಗೆ ಮಧುಗಿರಿಯಲ್ಲಿ ಸೈಕಲ್ ಸ್ಪರ್ಧೆ. ಅನುಷಾ ಹೆಸರು ಕೊಟ್ಟಾಗಿತ್ತು. ಇಳಿಜಾರಿನಲ್ಲಿ ಚಕ್ರ ಹೀಗೆ ಓಲಾಡಿದರೆ ಮಗಳ ಹಲ್ಲು ಉಳಿಯುವುದಿಲ್ಲ. ಸಂಜೆಯೊಳಗೆ ಸರಿಹೋಗದಿದ್ದರೆ ನಾಳೆ ಹೋಗುವುದೇ ಬೇಡ ಅಂದುಬಿಟ್ಟಿದ್ದ. ಅವಳು ಮುಖ ಊದಿಸಿಕೊಂಡು ಬಾಗಿಲಲ್ಲಿ ಕೂತಿದ್ದಳು.

ನರಸಿಂಹರಾಜು ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಅದರಲ್ಲಿ ಹೇಳಿದಂತೆಯೇ ಮಾಡುತ್ತಿದ್ದ. ಚಕ್ರದ ಒಂದು ಕಡ್ಡಿ ಬಿಗಿದ, ಅದರ ಎದುರಿನದನ್ನು ಸಡಿಲಿಸಿದ. ಇಲ್ಲಿ ನೆಟ್ಟಗಾದರೆ ಅಲ್ಲಿ ಸೊಟ್ಟ. ಬೇವಿನ ಮರದಡಿ ಎಲೆಯಡಿಕೆ ಕುಟ್ಟುತ್ತ ಇದನ್ನೆಲ್ಲ ನೋಡುತ್ತಿದ್ದ ಅವನಪ್ಪ ಬೈಲಪ್ಪ ಎದ್ದು ಬಂದ. ಯಾರನ್ನೂ ಕೇಳದೆ ಹೆಬ್ಬೆರಳ ಉಗುರಿನಿಂದ ಒಂದು ಕಡ್ಡಿ ಮೀಟಿದ. ಟಿಣ್ ಅಂತು. ಪಕ್ಕದ್ದೂ ಟಿಣ್ ಅಂತು. ಮೂರನೆಯದು ಹಸಿ ಸೌದೆ ತಟ್ಟಿದ ಹಾಗೆ ಟಪ್ ಅಂತು.

"ಇದು ಮಲಗ್ಬುಟ್ಟದೆ ಕಣ್ಲಾ."

"ಯಾವುದಪ್ಪ? ನೋಡಕ್ಕೆ ನೆಟ್ಟಗೇ ಅದಲ್ಲ."

"ನೋಡಕ್ಕೆ ಎಲ್ಲಾ ನೆಟ್ಟಗೇ ಇರ್ತವೆ. ಇದು ಗೇಯ್ತಿಲ್ಲ. ಇದ್ರ ಪಾಲಿನ ಭಾರಾನೂ ಪಕ್ಕದವು ಹೊತ್ಕಂಡು ಅರಚ್ತಾ ಅವೆ. ನಮ್ಮೂರು ಇದ್ದಂಗೇ ಅದೆ ನಿನ್ನ ಚಕ್ರ."

ಅನುಷಾ ಕಿಸಕ್ಕನೆ ನಕ್ಕಳು. ನರಸಿಂಹರಾಜುವಿಗೆ ನಗು ಬರಲಿಲ್ಲ. ಆ ಕಿವಿ ಎಲ್ಲಿ ಪಳಗಿದ್ದೆಂದು ಅವನಿಗೆ ಗೊತ್ತಿತ್ತು. ತಮಟೆಯನ್ನು ಬೆಂಕಿಗೆ ಹಿಡಿದು, ಚರ್ಮ ಎಲ್ಲಿ ಕಾದಿದೆ ಎಲ್ಲಿ ಕಾದಿಲ್ಲ ಎಂದು ಬೆರಳು ತಟ್ಟಿದ ಸದ್ದಿನಲ್ಲೇ ಹೇಳುತ್ತಿದ್ದ ಕಿವಿ ಅದು. ಆಗೆಲ್ಲ ಮೇಲಿನ ಬೀದಿಯಲ್ಲಿ ಯಾರು ಸತ್ತರೂ ಹೆಣದ ಮುಂದೆ ಬೈಲಪ್ಪ ಬಡಿಯಬೇಕಿತ್ತು. ಮೈ ಸುಡುವ ಜ್ವರವಿದ್ದರೂ ಬಡಿಯಬೇಕು, ಒಳಗೆ ಹೆಂಡತಿ ಹೆರುತ್ತಿದ್ದರೂ ಬಡಿಯಬೇಕು. ಕರೆಯಲು ಬಂದವನು ಹೆಸರು ಹಿಡಿದು ಕೂಡ ಕೂಗುತ್ತಿರಲಿಲ್ಲ; ಕೇರಿಯ ತುದಿಯಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಇಪ್ಪತ್ತೆಂಟು ವರ್ಷದ ಹಿಂದೆ, ಮಧುಗಿರಿಯ ಓದುಬಳಗದಲ್ಲಿ ಜಾತಿಯ ಚಾಕರಿಯ ಮಾತು ಕೇಳಿ ಕೆಂಡದಂತೆ ಮನೆಗೆ ಬಂದ ನರಸಿಂಹರಾಜು ಗೋಡೆಯ ಮೇಲಿನ ತಮಟೆಯನ್ನು ಕಿತ್ತು ನೀರೊಲೆಗೆ ಹಾಕಿದ್ದ. ಇನ್ನು ಯಾರ ಹೆಣಕ್ಕೂ ಬಡಿಯಕೂಡದು ಎಂದಿದ್ದ. ಬೈಲಪ್ಪ ಆಮೇಲೆ ಯಾವತ್ತೂ ಆ ಮಾತು ಎತ್ತಲಿಲ್ಲ. ಸುಟ್ಟಿದ್ದಕ್ಕೆ ಮಗ ಯಾವತ್ತೂ ನೊಂದವನಲ್ಲ. ಕೇಳದೆ ಸುಟ್ಟೆನಲ್ಲ ಎಂಬುದು ಮಾತ್ರ ಅಂಗಾಲಿನ ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

ಅಪ್ಪ ಮೀಟಿದ, ಮಗ ಕಡ್ಡಿ ಬಿಗಿಯುವ ಕೀಲಿ ತಿರುಗಿಸಿದ. ಅಪ್ಪ ಕಾಲು ಸುತ್ತು ಅಂದರೆ ಕಾಲೇ ಸುತ್ತು. ಮಗನ ಕೈ ಚೂರು ಮುಂದೆ ಹೋದರೂ, ಮೇಷ್ಟ್ರೇ ನಿಮ್ಮ ಕೈ ಬರೀ ಸೀಮೆಸುಣ್ಣ ಹಿಡಿಯಕ್ಕೆ ಸರಿ, ಎಂದು ಗದರಿದ. ಫೋನು ತನ್ನ ಪಾಡಿಗೆ ತಾನು ಪಾಠ ಹೇಳಿ ಹೇಳಿ ಆರಿಹೋಯಿತು. ಬಿಸಿಲು ಬೇವಿನ ಮರ ದಾಟುವ ಹೊತ್ತಿಗೆ ಮೂವತ್ತಾರು ಕಡ್ಡಿಗೂ ಒಂದೇ ದನಿ ಬಂದಿತ್ತು. ರಿಮ್ಮು ತಿರುಗಿಸಿದರೆ ಎರಡು ರಬ್ಬರುಗಳ ನಡುವೆ ಎಲ್ಲಿಯೂ ತಾಗದೆ, ಒಂದಿಷ್ಟೂ ಓಲಾಡದೆ ತಿರುಗಿತು. ಅನುಷಾ ಬಾಗಿಲಿಂದೆದ್ದು ಟೈರು ಟ್ಯೂಬು ಹಿಡಿದು ಬಂದಳು.

ನರಸಿಂಹರಾಜು ಅಪ್ಪನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಕೀಲಿಯನ್ನೇ ನೋಡುತ್ತ ಅಂದ: "ಅವತ್ತು ತಮಟೆ ಸುಡೋಕೆ ಮುಂಚೆ ನಿನ್ನ ಒಂದು ಮಾತು ಕೇಳ್ಬೇಕಾಗಿತ್ತಪ್ಪ."

"ಕೇಳಿದ್ರೆ ಬ್ಯಾಡ ಅಂತಿದ್ದೆ. ಬ್ಯಾಡ ಅಂದಿದ್ರೆ ಇವತ್ತಿಗೂ ಹೆಣದ ಮುಂದೇ ಇರ್ತಿದ್ದೆ." ಬೈಲಪ್ಪ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ತಳ್ಳಿದ. "ನಿನ್ನಿಂದ ನನ್ನ ತೋಳು ಉಳೀತು, ಬುಡು. ನೀನು ಸುಟ್ಟಿದ್ದು ಚರ್ಮ ಕಣ್ಲಾ. ಕಿವಿ ನಂತಾವೇ ಇತ್ತು."

ಟೈರು ಕೂರಿಸಿ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದರು. ಅನುಷಾ ಬೀದಿಯ ತುದಿಯವರೆಗೂ ಹೋಗಿ, ವಾಪಸು ಬರುವಾಗ ಹ್ಯಾಂಡಲ್ಲಿನಿಂದ ಎರಡೂ ಕೈ ಬಿಟ್ಟು ಬಂದಳು. ಅವಳು ಇಳಿದು ನಿಂತ ಮೇಲೆ ಬೈಲಪ್ಪ ಮಿಕ್ಕಿದ್ದ ಒಂದು ಕಡ್ಡಿಯನ್ನು ಎಡಗೈಗೆ, ಸ್ಕ್ರೂಡ್ರೈವರನ್ನು ಬಲಗೈಗೆ ತೆಗೆದುಕೊಂಡು ಚರ್ಮದ ಸೀಟಿನ ಮೇಲೆ ಮೆಲ್ಲಗೆ ಬಡಿಯತೊಡಗಿದ. ಕೈ ಮೊದಲು ತಡವರಿಸಿತು, ಆಮೇಲೆ ದಾರಿ ಹಿಡಿಯಿತು. ನರಸಿಂಹರಾಜು ತಡೆಯಲಿಲ್ಲ. ಸೈಕಲ್ಲು ಅಲುಗದಂತೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಇದು ಯಾವುದಕ್ಕೆ ಬಡಿಯೋದು ತಾತ?"

"ಗೊತ್ತಿಲ್ಲ ಕಣವ್ವ. ಯಾರೂ ಕರೀದಂಗೆ ಬಡೀತಿರೋದು ಇದೇ ಮೊದ್ಲು."