ಅಜಮಾಯಿಷಿ

ಕಡಲೆಕಾಯಿ ಸಿಪ್ಪೆಯ ಧೂಳು ಮೂಗಿಗೆ ಬಡಿದರೆ ಈಗಲೂ ಕಲ್ಯಾಣದುರ್ಗದ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ. ನಮ್ಮದು ಕೂಡುಕುಟುಂಬ. ಅಪ್ಪ ಬಸ್ಸು ಹತ್ತಿ ಹಿಂದೂಪುರದ ಮಂಡಿಗೆ ಹೋಗಿದ್ದ. ಅಮ್ಮ, ಅಜ್ಜಿ ಮತ್ತು ಕೂಲಿ ಹೆಂಗಸರು ಬಿತ್ತನೆಗೆಂದು ಕಾಯಿ ಸುಲಿಯುತ್ತಿದ್ದರು. ದೊಡ್ಡಪ್ಪ ಮಾತ್ರ ಹಗ್ಗದ ಮಂಚದ ಮೇಲೆ ಕುಳಿತು ಒಬ್ಬೊಬ್ಬರ ಕೈಯನ್ನೂ ನೋಡುತ್ತಿದ್ದ.

“ದೊಡ್ಡಪ್ಪ ಯಾಕೆ ಸುಲಿಯಲ್ಲ?” ಎಂದು ಅಜ್ಜಿಯನ್ನು ಕೇಳಿದೆ.

“ಅವ್ನು ಅಜಮಾಯಿಷಿ ಮಾಡ್ತವ್ನೆ ಕಣಮ್ಮ.”

“ಹಂಗಂದ್ರೆ?”

“ಬೇರೇರ ಕೆಲ್ಸ ಸರ್ಯಾಗಿ ನಡೀಲಿ ಅಂತ ನೋಡ್ಕೊಳ್ಳೋದು.” ಹೇಳುವಾಗ ಅಜ್ಜಿ ಅವನತ್ತ ತಿರುಗಲಿಲ್ಲ.

ಕೆಲಸ ಮುಗಿದಾಗ ದೊಡ್ಡಪ್ಪ ಅಂಗಳದ ಬಾಗಿಲಿಗೆ ಅಡ್ಡ ನಿಂತ. ಕೂಲಿ ಹೆಂಗಸರು “ಏಮೀ ಲೇದು ಸಾಮಿ” ಎಂದು, ಬೀಜ ಏನೂ ಇಲ್ಲವೆಂದು ತೆಲುಗಿನಲ್ಲಿ ಹೇಳುತ್ತ ಬಾಯಿ ತೆರೆದು ತೋರಿಸಿ, ಸೆರಗು ಕೊಡವಿ ಹೊರಟರು. ಕೊನೆಗೆ ಅಮ್ಮ ನೀರಿಗೆಂದು ಬಿಂದಿಗೆ ಹಿಡಿದು ಬಂದಳು.

“ನೀನೂ ಕೊಡವಮ್ಮ. ಬೀಜ ನಿನ್ ತವರುಮನೆಗೆ ಹೋಯ್ತಾ ಐತೆ ಅಂತ ನಂಗೆ ಅನುಮಾನ.”

ಅಮ್ಮನ ಮುಖ ಕೆಂಪಾಯಿತು. ಬಿಂದಿಗೆ ಕೆಳಗಿಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚತೊಡಗಿದಳು. ಏನು ಬೀಳುತ್ತದೋ ಎಂದು ನಾನೂ ಆ ಸೆರಗನ್ನೇ ನೋಡುತ್ತ ನಿಂತೆ.

ಅಜ್ಜಿ ಗೋಡೆ ಹಿಡಿದು ಎದ್ದಳು. ಸೊಸೆಯ ಕೈ ತಡೆದು, ಮಗನ ಮುಂದೆ ನಿಂತು ತನ್ನ ಸೆರಗು ಕೊಡವಿದಳು. ಹಲ್ಲಿಲ್ಲದ ಬಾಯನ್ನೂ ಅಗಲವಾಗಿ ತೆರೆದಳು.

“ನೋಡ್ಲಾ. ನಿನ್ನ ಹೆತ್ತೋಳ್ದೂ ಒಂದ್ಸಲ ನೋಡ್ಬುಡು.”

ದೊಡ್ಡಪ್ಪ ತಲೆ ಎತ್ತಲಿಲ್ಲ. ಅಮ್ಮ ಬಿಂದಿಗೆ ಎತ್ತಿಕೊಂಡು ಅವನ ಪಕ್ಕದಲ್ಲೇ ಹಾದು ಹೊರಗೆ ಹೋದಳು.