ನಿನ್ನೆ ಸಿಕ್ಕಿದ್ದು ಇವತ್ತೂ ಸಿಗಬೇಕು

“ಬೆಳಿಗ್ಗೆ ಐದರ ನಂತರ ಎಂತದೂ ಇಲ್ಲ ಪ್ರೇಮಣ್ಣ,” ಮತ್ತೊಮ್ಮೆ ಹುಡುಕಿಸಿ ನೋಡಿ ದೀಕ್ಷಿತಾ ಹೇಳಿದಳು. ಪಡೀಲಿನ ಆ ಸಣ್ಣ ಆಫೀಸಿನಲ್ಲಿ ಅವಳ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ ಪ್ರೇಮನಾಥರು ಪರದೆಯತ್ತ ಬಗ್ಗಿದರು. ಕಡಲಿನಲ್ಲಿ ಕಾಣೆಯಾದ ಬೋಟು ಅವರದು. ಅದರಲ್ಲಿದ್ದ ಎಂಟು ಜನರಲ್ಲಿ ಒಬ್ಬ ಅವರ ಮಗ ಕಮಲೇಶ್. ಆಗಲೇ ಮಧ್ಯಾಹ್ನ ಮೂರಾಗಿತ್ತು.

ಪ್ರತಿ ಬೋಟಿನಲ್ಲೂ ಒಂದು ಪುಟ್ಟ ಯಂತ್ರ ಉಂಟು. ತಾನು ಎಲ್ಲಿದ್ದೇನೆಂದು ಅದು ಆಗಾಗ ದಡಕ್ಕೆ ತಿಳಿಸುತ್ತದೆ. ಬಂದ ಒಂದೊಂದು ಸುದ್ದಿಯೂ ಒಂದೊಂದು ಫೈಲಾಗಿ, ಯಂತ್ರ ಹೇಳಿದ ತಾರೀಕನ್ನೇ ಹೊತ್ತು, ದೀಕ್ಷಿತಾಳ ಕಂಪ್ಯೂಟರಿನಲ್ಲಿ ಕೂರುತ್ತದೆ. ಅಂಥ ಫೈಲುಗಳು ಲಕ್ಷಗಟ್ಟಲೆ. ಅವುಗಳಲ್ಲಿ ಬೇಕಾದ್ದನ್ನು ಹೆಕ್ಕಿ ಕೊಡಲು ಒಂದು ಹುಡುಕುವ ಪ್ರೋಗ್ರಾಂ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವಂಥದ್ದು, ಯಾವ್ಯಾವುದೋ ದೇಶದವರು ಸೇರಿ ಬರೆದದ್ದು. ಕಪ್ಪು ಪರದೆಯಲ್ಲಿ ಬೋಟಿನ ಹೆಸರು ಹೊಡೆದರೆ ಸಾಕು. ಹೋದ ವಾರವಷ್ಟೇ ಅವಳ ಕೈಕೆಳಗಿನ ಸುಜಿತ್ ಅದನ್ನು ತಿದ್ದಿ ಓಡುವ ಕುದುರೆ ಮಾಡಿದ್ದ. ಹುಡುಗ ಒಳ್ಳೆಯವನೇ, ಅವಸರ ಮಾತ್ರ ಸ್ವಲ್ಪ ಹೆಚ್ಚು.

ಕೋಸ್ಟ್ ಗಾರ್ಡ್‌ನವರು ಫೋನಿನಲ್ಲೇ ಕಾಯುತ್ತಿದ್ದರು. ಕೊನೆಯ ಜಾಗ ಹೇಳಿದರೆ ಹೊರಟೇಬಿಡುತ್ತೇವೆ ಎಂದಿದ್ದರು. ಆದರೆ ಬೆಳಿಗ್ಗೆ ಐದರ ಜಾಗ ಇಟ್ಟುಕೊಂಡು, ಇಂಥ ಗಾಳಿಯಲ್ಲಿ, ಎಲ್ಲಿ ಅಂತ ಹುಡುಕುವುದು?

“ಹಳೇ ಪ್ರೋಗ್ರಾಂ ಆದ್ರೆ ಇಷ್ಟು ಹೊತ್ತಿಗೆ ಇನ್ನೂ ತಿರುಗ್ತಾ ಇರ್ತಿತ್ತು ಅಕ್ಕ,” ಎಂದ ಸುಜಿತ್.

“ಸ್ಪೀಡ್ ಉಂಟು ಮಾರಾಯ, ಬೋಟು ಎಲ್ಲುಂಟು?” ದೀಕ್ಷಿತಾ ಸಿಡುಕಿದಳು. “ತಿದ್ದಿದ ಮೇಲೆ ಟೆಸ್ಟ್ ಓಡಿಸಿದ್ಯಾ?”

“ಓಡಿಸಿದ್ದೇನೆ. ಎಲ್ಲ ಪಾಸ್.”

“ಎಲ್ಲ?”

“ಒಂದನ್ನು... ಬದಿಗಿಟ್ಟೆ. ಅದು ಮರ್ಲ್ ಟೆಸ್ಟ್ ಅಕ್ಕ, ಬರೀ ಹುಚ್ಚು. ಸಾವಿರದ ಒಂಬೈನೂರ ಎಂಬತ್ತರ ತಾರೀಕಿನ ಫೈಲನ್ನೂ ಹುಡುಕಿ ಕೊಡ್ಬೇಕಂತೆ! ಇವತ್ತಿನ ಬೋಟನ್ನು ಎಂಬತ್ತರಲ್ಲಿ ಹುಡುಕುವುದು ಎಂತದಕ್ಕೆ? ಎರಡು ವರ್ಷಕ್ಕಿಂತ ಹಳತನ್ನು ಮುಟ್ಟುವುದೇ ಬೇಡ ಅಂತ ಮಾಡಿದೆ. ಹಾಗಾಗಿಯೇ ಸ್ಪೀಡ್ ಬಂದದ್ದು.”

ದೀಕ್ಷಿತಾ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. ಆ ಪ್ರೋಗ್ರಾಂ ಜೊತೆಗೇ ಬಂದ ಟೆಸ್ಟ್ ಸ್ಕ್ರಿಪ್ಟ್ ಒಂದಿತ್ತು. ಅದು ತಾನೇ ಸುಳ್ಳು ಫೋಲ್ಡರುಗಳನ್ನು ಕಟ್ಟಿ, ಅವುಗಳೊಳಗೆ ಫೈಲುಗಳನ್ನು ಅಡಗಿಸಿ, ಹುಡುಕು ಎನ್ನುತ್ತದೆ. ಸಿಕ್ಕಿದರೆ ಪಾಸ್, ಇಲ್ಲದಿದ್ದರೆ ಫೇಲ್. ಏನೇ ತಿದ್ದಿ, ನಿನ್ನೆ ಸಿಕ್ಕಿದ್ದು ಇವತ್ತೂ ಸಿಗಬೇಕು, ಅಷ್ಟೇ ಅದರ ಹಟ. ಸುಜಿತ್ ಬದಿಗಿಟ್ಟಿದ್ದ ಸಾಲುಗಳನ್ನು ಅವಳು ಮತ್ತೆ ಸೇರಿಸಿ ಓಡಿಸಿದಳು. ಪಾಸ್, ಪಾಸ್, ಪಾಸ್ ಎಂದು ಸಾಲುಗಳು ಪರದೆಯಲ್ಲಿ ಮೇಲೇರುತ್ತ ಹೋದವು. ನಡುವೆ ಒಂದೇ ಒಂದು ಫೇಲ್. ಸುಜಿತ್ ತಿದ್ದಿದ್ದನ್ನೆಲ್ಲ ತೆಗೆದುಹಾಕಿ, ಹಳೆಯ ಪ್ರೋಗ್ರಾಮಿಗೇ ಬೋಟಿನ ಹೆಸರು ಕೊಟ್ಟಳು.

“ಎಂತ ಆಯ್ತು ಮಗಾ?” ಪ್ರೇಮನಾಥರು ಕೇಳಿದರು.

“ಹುಡುಕ್ತಾ ಉಂಟು ಪ್ರೇಮಣ್ಣ. ಈಗ ಏನನ್ನೂ ಬಿಡದೆ ಹುಡುಕ್ತಾ ಉಂಟು.”

ಎಷ್ಟು ಹೊತ್ತಾದರೂ ಪರದೆ ಅಲುಗಲಿಲ್ಲ. ಆಮೇಲೆ ಒಂದು ಸಾಲು ಬಿತ್ತು. ಬೋಟಿನ ಹೆಸರು, ಮುಂದೆ ತಾರೀಕು: 1980, ಜನವರಿ ಒಂದು. ಅದರ ಕೆಳಗೆ ಇನ್ನೊಂದು ಸಾಲು. ಮತ್ತೊಂದು.

ಇಂಜಿನ್ ನಿಂತು, ಬ್ಯಾಟರಿ ಇಳಿದು, ಆ ಪುಟ್ಟ ಯಂತ್ರ ಸಾಯುತ್ತ ಏಳುತ್ತ ಇತ್ತು. ಎದ್ದಾಗಲೆಲ್ಲ ಅದಕ್ಕೆ ಇವತ್ತು ಯಾವ ದಿನ, ಯಾವ ವರ್ಷ ಒಂದೂ ನೆನಪಿಲ್ಲ. ಅದರ ಗಡಿಯಾರ ಶುರುವಾಗುವುದೇ ಎಂಬತ್ತರ ಮೊದಲ ದಿನದಿಂದ. ಆದರೆ ತಾನಿರುವ ಜಾಗವನ್ನು ಮಾತ್ರ ಅದು ಸರಿಯಾಗಿಯೇ ಹೇಳಿತ್ತು, ಮತ್ತೆ ಮತ್ತೆ ಹೇಳಿತ್ತು. ಇಡೀ ದಿನ ಕೂಗಿದ್ದನ್ನು ಇವರೇ ಕೇಳಿಸಿಕೊಂಡಿರಲಿಲ್ಲ. ದೀಕ್ಷಿತಾ ಎಲ್ಲಕ್ಕಿಂತ ಕೊನೆಗೆ ಬಂದ ಫೈಲನ್ನು ತೆರೆದು, ಅದರಲ್ಲಿದ್ದ ಜಾಗವನ್ನು ಫೋನಿನಲ್ಲಿ ಬಿಡಿಬಿಡಿಯಾಗಿ ಓದಿ ಹೇಳಿದಳು.

ಸಂಜೆಯಾಗುವಾಗ ಫೋನು ಬಂತು. ಬೋಟು ಸಿಕ್ಕಿತ್ತು. ಎಂಟೂ ಜನ ಜೀವದಿಂದಿದ್ದರು. “ಯಾ ದೇವೆರೇ!” ಎನ್ನುತ್ತ ಪ್ರೇಮನಾಥರು ನೆಲದ ಮೇಲೆಯೇ ಕೂತುಬಿಟ್ಟರು. ಸುಜಿತ್ ಕಣ್ಣೊರೆಸಿಕೊಂಡು ಮತ್ತೆ ಪರದೆಯ ಮುಂದೆ ಹೋಗಿ ನಿಂತ. ತಾನು ಮರ್ಲ್ ಎಂದಿದ್ದ ಆ ಸಾಲುಗಳನ್ನು ಒಂದೊಂದಾಗಿ ಓದಿದ.

“ಇದನ್ನು ಬರೆದದ್ದು ಯಾರಕ್ಕ?”

“ಯಾರಿಗೆ ಗೊತ್ತು ಮಾರಾಯ? ಯಾವ ದೇಶದವರೋ. ಮೂರು ಸಾಲು ಬರೆದಿಟ್ಟು ಹೋಗಿದ್ದಾರೆ, ಹೆಸರು ಕೂಡ ಹಾಕಲಿಲ್ಲ.”

ಪ್ರೇಮನಾಥರು ಕೂತಲ್ಲಿಂದಲೇ ತಲೆಯೆತ್ತಿದರು. “ಅಲ್ಲ, ನನ್ನ ಮಗನ ಬೋಟಿಗೆ ಹೀಗಾಗ್ತದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?”

“ಅವರಿಗೆ ಗೊತ್ತಿರ್ಲಿಲ್ಲ ಮಾಮ,” ಎಂದ ಸುಜಿತ್. “ಯಾರಿಗಾದ್ರೂ ಹುಡುಕಿದ್ದು ಸಿಗದೆ ಹೋದ್ರೆ, ಇನ್ನು ಯಾರಿಗೂ ಹಾಗಾಗಬಾರದು ಅಂತ ಇಂಥದ್ದೊಂದು ಬರೆದಿಡ್ತಾರೆ.”

“ಸಿಗದೆ ಹೋದ ಮೇಲೆ ಬರೆಯುವುದಾ?”

“ಹೌದು.”

ಪ್ರೇಮನಾಥರು ಎದ್ದು ಬಂದು ಪರದೆಯ ಮೇಲಿನ ಆ ಮೂರು ಸಾಲುಗಳನ್ನು ನೋಡಿದರು.

“ಹಾಗಾದ್ರೆ ಪಾಪ,” ಎಂದರು ಮೆಲ್ಲಗೆ, “ಅವರಿಗೆ ಸಿಕ್ಕಿರ್ಲಿಕ್ಕಿಲ್ಲ.”